ಪಕ್ಕದ ಮನೆಯ ನಕ್ಷತ್ರ ಹಬ್ಬಕ್ಕೋ, ವ್ರತಕ್ಕೋ?

ಪ್ರಶ್ನೆ: ನಾನು ಹಾಸನದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ನಮ್ಮ ಪಕ್ಕದ ಮನೆಯವರು ಕ್ಯಾಥೊಲಿಕರು, ಮೂಲತಃ ನರಸಿಂಹರಾಜಪುರದ ಕಡೆಯವರು. ನವೆಂಬರ್ ಮುಗಿಯುವ ಹೊತ್ತಿಗೆ ಅವರ ಬಾಗಿಲಲ್ಲಿ ನಕ್ಷತ್ರ ತೂಗುತ್ತದೆ. ಆದರೆ ಅದೇ ಮನೆಯ ಅಜ್ಜಿ ಡಿಸೆಂಬರ್ 1ರಿಂದ ಮಾಂಸ, ಮೀನು ಮುಟ್ಟುವುದಿಲ್ಲ. ಮಗಳ ಮದುವೆಗೆ ಡಿಸೆಂಬರ್ ಮೊದಲ ವಾರದಲ್ಲಿ ಕಲ್ಯಾಣ ಮಂಟಪ ಸಿಕ್ಕಿದರೂ ಬೇಡವೆಂದರು. ನಾನು ‘ಕ್ರಿಸ್‌ಮಸ್ ಶುಭಾಶಯಗಳು’ ಎಂದರೆ, ‘ಇನ್ನೂ ಆಗಮನ ಕಾಲ, ಟೀಚರ್’ ಎಂದು ನಕ್ಕರು. ಒಮ್ಮೆ ಅವರ ಜೊತೆ ಚರ್ಚಿಗೆ ಹೋದಾಗ ನಾಲ್ಕು ಮೇಣದಬತ್ತಿಗಳಲ್ಲಿ ಒಂದು ಮಾತ್ರ ಗುಲಾಬಿ ಬಣ್ಣದ್ದಿತ್ತು. ಇದೆಲ್ಲ ಏನು? ನಮ್ಮ ಧನುರ್ಮಾಸದ ಹಾಗೆಯೇ? ಹಬ್ಬಕ್ಕೆ ಅವರ ಮನೆಗೆ ಯಾವಾಗ ಹೋಗಬೇಕು, ಏನು ಒಯ್ಯಬೇಕು?

ಉತ್ತರ: ನಿಮ್ಮ ನೆರೆಯವರು ನಕ್ಕದ್ದರಲ್ಲಿ ತಪ್ಪಿಲ್ಲ. ಅಂಗಡಿಗಳ ಲೆಕ್ಕದಲ್ಲಿ ಕ್ರಿಸ್‌ಮಸ್ ಡಿಸೆಂಬರ್ 1ಕ್ಕೆ ಆರಂಭವಾಗಿ 25ರ ಸಂಜೆಗೆ ಮುಗಿಯುತ್ತದೆ. ಚರ್ಚಿನ ಲೆಕ್ಕದಲ್ಲಿ ಅದು 24ರ ಸಂಜೆಗೆ ಶುರುವಾಗುತ್ತದೆ. ಅದಕ್ಕೂ ಮುಂಚಿನ ನಾಲ್ಕು ಭಾನುವಾರಗಳ ಅವಧಿಗೆ ಆಗಮನ ಕಾಲ ಎಂದು ಹೆಸರು. ಅದಕ್ಕೆ ಬೇರೆಯೇ ಬಣ್ಣ, ಬೇರೆಯೇ ಓದು, ಬೇರೆಯೇ ಕಟ್ಟುಪಾಡು. ನಿಮಗೆ ಗೊಂದಲವಾದದ್ದು ಸಹಜ, ಏಕೆಂದರೆ ಆ ನಾಲ್ಕು ವಾರ ಹಬ್ಬದ ಹಾಗೂ ಕಾಣುತ್ತದೆ, ವ್ರತದ ಹಾಗೂ ಕಾಣುತ್ತದೆ. ಅದರ ಹುಟ್ಟೇ ಹಾಗಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ದಿನಾಂಕ, ಗಣಿತದವರಿಗೆ ಇಷ್ಟವಾಗಬಹುದು. ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಆ ದಿನಕ್ಕೆ ಅತಿ ಹತ್ತಿರದ ಭಾನುವಾರ ಆಗಮನ ಕಾಲದ ಮೊದಲ ದಿನ. ಹಾಗಾಗಿ ಅದು ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3ನ್ನು ದಾಟುವುದಿಲ್ಲ. 2022ರಲ್ಲಿ ಕ್ರಿಸ್‌ಮಸ್ ಭಾನುವಾರವೇ ಬಂದದ್ದರಿಂದ ಆಗಮನ ಕಾಲಕ್ಕೆ ಪೂರ್ತಿ 28 ದಿನ ಸಿಕ್ಕಿತು. ಮರುವರ್ಷ ಕ್ರಿಸ್‌ಮಸ್ ಸೋಮವಾರ ಬಿತ್ತು, ಅವಧಿ 22 ದಿನಕ್ಕೆ ಇಳಿಯಿತು. ಆ ವರ್ಷ ನಾಲ್ಕನೆಯ ಭಾನುವಾರವೂ ಕ್ರಿಸ್‌ಮಸ್ ಹಿಂದಿನ ಸಂಜೆಯೂ ಒಂದೇ ದಿನ: ಬೆಳಿಗ್ಗೆ ಗುರುಗಳು ಆಗಮನ ಕಾಲದ ನೇರಳೆ ವಸ್ತ್ರದಲ್ಲಿ ಬಲಿಪೂಜೆ ಅರ್ಪಿಸಿ, ರಾತ್ರಿ ಕ್ರಿಸ್‌ಮಸ್‌ನ ಬಿಳಿಯಲ್ಲಿ ನಿಂತರು. ನಡುವಿನ ಕೆಲವೇ ಗಂಟೆಗಳಲ್ಲಿ ಪೀಠದ ಅಲಂಕಾರವನ್ನೆಲ್ಲ ಬದಲಿಸಬೇಕಾದ ಯುವಕರ ಪಾಡು ಕೇಳಬೇಡಿ.

ಈ ಮೊದಲ ಭಾನುವಾರವೇ ಚರ್ಚಿನ ಯುಗಾದಿ ಕೂಡ. ಆರಾಧನಾ ವರ್ಷ ಜನವರಿಯಲ್ಲಿ ಅಲ್ಲ, ಇಲ್ಲಿ ಆರಂಭವಾಗುತ್ತದೆ. ಕ್ಯಾಥೊಲಿಕ್ ಚರ್ಚಿನಲ್ಲಿ ಭಾನುವಾರದ ಓದುಗಳು ಮೂರು ವರ್ಷದ ಸುತ್ತಿನಲ್ಲಿ ತಿರುಗುತ್ತವೆ: ಒಂದು ವರ್ಷ ಮತ್ತಾಯನ ಶುಭಸಂದೇಶ, ಮರುವರ್ಷ ಮಾರ್ಕನದು, ಮೂರನೆಯದು ಲೂಕನದು. ಪುಸ್ತಕದ ಗುರುತುದಾರ ಬದಲಾಗುವುದು ಆಗಮನ ಕಾಲದ ಮೊದಲ ಭಾನುವಾರದಂದೇ.

ಇನ್ನು ಅರ್ಥಕ್ಕೆ ಬರೋಣ. ಕ್ರೈಸ್ತರಲ್ಲೇ ಬಹಳ ಮಂದಿ ಆಗಮನ ಕಾಲವೆಂದರೆ ಬಾಲಯೇಸುವಿನ ಹುಟ್ಟುಹಬ್ಬಕ್ಕೆ ತಯಾರಿ ಎಂದಷ್ಟೇ ತಿಳಿದಿದ್ದಾರೆ. ಹಾಗೆ ತಿಳಿದವರು ಮೊದಲ ಭಾನುವಾರದ ಓದನ್ನು ಗಮನವಿಟ್ಟು ಕೇಳಿಲ್ಲವೆಂದೇ ಹೇಳಬೇಕು. ಅಂದು ಕೊಟ್ಟಿಗೆಯ ಸುದ್ದಿಯೇ ಇಲ್ಲ. ಮತ್ತಾಯನ ವರ್ಷದಲ್ಲಿ ಓದುವುದು ನೋಹನ ಕಾಲದ ಪ್ರಳಯದ ಮಾತು: ಜನ ಉಣ್ಣುತ್ತ, ಕುಡಿಯುತ್ತ, ಮದುವೆ ಮಾಡಿಕೊಳ್ಳುತ್ತ ಇದ್ದಾಗ ನೀರು ಏರಿ ಬಂತು, ಇಬ್ಬರು ಹೆಂಗಸರು ಬೀಸುಕಲ್ಲು ತಿರುವುತ್ತಿರುವಾಗ ಒಬ್ಬಳನ್ನು ಕರೆದೊಯ್ಯಲಾಗುತ್ತದೆ, ಇನ್ನೊಬ್ಬಳು ಉಳಿಯುತ್ತಾಳೆ, ಕಳ್ಳ ಯಾವ ಜಾವದಲ್ಲಿ ಬರುತ್ತಾನೆಂದು ಮನೆಯ ಯಜಮಾನನಿಗೆ ತಿಳಿದಿರುವುದಿಲ್ಲ, ಆದ್ದರಿಂದ ಎಚ್ಚರವಾಗಿರಿ. ಹೊಸ ವರ್ಷದ ಮೊದಲ ದಿನ ಚರ್ಚು ಮಾತಾಡುವುದು ಲೋಕದ ಕೊನೆಯ ಬಗ್ಗೆ.

ಎರಡನೆಯ, ಮೂರನೆಯ ಭಾನುವಾರ ಬರುವವನು ಯೇಸುವಿನ ಬರವನ್ನು ಮುಂಚಿತವಾಗಿ ಸಾರಿದ ಸ್ನಾನಿಕ ಯೊವಾನ್ನ. ಒಂಟೆ ಕೂದಲಿನ ಬಟ್ಟೆ, ಸೊಂಟಕ್ಕೆ ಚರ್ಮದ ಪಟ್ಟಿ, ಊಟಕ್ಕೆ ಮಿಡತೆ ಮತ್ತು ಕಾಡುಜೇನು. ಯೋರ್ದಾನ್ ನದಿಯ ದಡದಲ್ಲಿ ನಿಂತು, ದೊಡ್ಡವರು ಚಿಕ್ಕವರೆನ್ನದೆ ಎಲ್ಲರನ್ನೂ ಬಯ್ಯುವ ಮನುಷ್ಯ. ಕೇಕಿನ ಡಬ್ಬಿಯ ಮೇಲೆ ಇವನ ಚಿತ್ರ ಹಾಕಿದ್ದನ್ನು ನೀವು ಎಲ್ಲೂ ನೋಡಿರಲಾರಿರಿ. ಪ್ರವಾದಿ ಯೆಶಾಯನ ಮಾತನ್ನು ಅವನು ಮತ್ತೆ ಎತ್ತುತ್ತಾನೆ: ಪ್ರಭುವಿಗೆ ದಾರಿ ಸಿದ್ಧಮಾಡಿ, ಕಣಿವೆಗಳು ತುಂಬಲಿ, ಬೆಟ್ಟಗುಡ್ಡಗಳು ತಗ್ಗಲಿ. ಚಾರ್ಮಾಡಿ ಘಾಟಿಯ ತಿರುವುಗಳನ್ನು ಹತ್ತಿ ಭಾನುವಾರದ ಪೂಜೆಗೆ ಬಂದವರಿಗೆ ಈ ಓದು ಸ್ವಲ್ಪ ಹೆಚ್ಚೇ ಅರ್ಥವಾಗುತ್ತದೆ. ಮರಿಯಮ್ಮ ಮತ್ತು ಜೋಸೆಫರು ಮುಂದಕ್ಕೆ ಬರುವುದು ನಾಲ್ಕನೆಯ ಭಾನುವಾರಕ್ಕೆ.

ಅಂದರೆ ಈ ಕಾಲಕ್ಕೆ ಎರಡು ಮುಖ. ಡಿಸೆಂಬರ್ 16ರವರೆಗೆ ಅದು ಮುಂದಕ್ಕೆ ನೋಡುತ್ತದೆ, ಕ್ರಿಸ್ತ ಲೋಕಾಂತ್ಯದಲ್ಲಿ ಮತ್ತೆ ಬರುತ್ತಾನೆ ಎಂಬ ನಂಬಿಕೆಯ ಕಡೆಗೆ. 17ರಿಂದ ಹಿಂದಕ್ಕೆ ತಿರುಗುತ್ತದೆ, ಬೆತ್ಲೆಹೇಮಿನಲ್ಲಿ ಒಮ್ಮೆ ಬಂದದ್ದರ ಕಡೆಗೆ. ಹನ್ನೆರಡನೆಯ ಶತಮಾನದ ಸನ್ಯಾಸಿ, ಕ್ಲೇರ್ವೋ ಮಠದ ಬರ್ನಾರ್ಡರು ಇವೆರಡರ ನಡುವೆ ಮೂರನೆಯದನ್ನು ಸೇರಿಸಿದರು: ಈಗ, ಸದ್ದಿಲ್ಲದೆ, ಮನುಷ್ಯನ ಒಳಗೆ ಬರುವುದು. ಮಠದೊಳಗೆ ಕೂತವರಿಗೆ ಹೊಳೆಯುವ ಯೋಚನೆ ಇದೆಂದು ಅನಿಸಬಹುದು, ಆದರೆ ಇಂದಿಗೂ ಆಗಮನ ಕಾಲದ ಪ್ರಬೋಧನೆಗಳಲ್ಲಿ ಹೆಚ್ಚು ಕೇಳಿಸುವುದು ಇದೇ ಮೂರನೆಯದು.

ಈಗ ಹಬ್ಬವೋ ವ್ರತವೋ ಎಂಬ ಪ್ರಶ್ನೆ. ಆಗಮನ ಕಾಲ ಎರಡು ಧಾರೆಗಳಲ್ಲಿ ಬೇರೆ ಬೇರೆಯಾಗಿ ಬೆಳೆಯಿತು. ಸ್ಪೇನಿನ ಸಾರಗೋಸದಲ್ಲಿ 380ರಲ್ಲಿ ನಡೆದ ಧರ್ಮಸಭೆ, ಡಿಸೆಂಬರ್ 17ರಿಂದ ಜನವರಿ 6ರವರೆಗೆ ಯಾರೂ ಚರ್ಚಿಗೆ ತಪ್ಪಿಸಬಾರದು ಎಂದು ವಿಧಿಸಿತು. ಇಂದಿನ ಫ್ರಾನ್ಸಿನಲ್ಲಿ, ಐದನೆಯ ಶತಮಾನದಲ್ಲಿ ತೂರ್ ನಗರದ ಧರ್ಮಾಧ್ಯಕ್ಷ ಪೆರ್ಪೆತುವುಸ್ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಹಾಕಿಕೊಟ್ಟರು. ಮುಂದಿನ ಶತಮಾನದ ಮಾಕೋನ್ ಸಭೆ ಸೋಮವಾರ, ಬುಧವಾರ, ಶುಕ್ರವಾರ ಎಂದು ದಿನಗಳನ್ನೂ ಹೆಸರಿಸಿತು. ಜನ ಅದನ್ನು ಸಂತ ಮಾರ್ಟಿನರ ತಪಸ್ಸುಕಾಲ ಎಂದೇ ಕರೆಯುತ್ತಿದ್ದರು. ರೋಮಿನಲ್ಲಿ ಇಷ್ಟು ಬಿಗಿ ಇರಲಿಲ್ಲ. ಅಲ್ಲಿನ ಪ್ರಾರ್ಥನೆಗಳಲ್ಲಿ ಪಶ್ಚಾತ್ತಾಪಕ್ಕಿಂತ ನಿರೀಕ್ಷೆಯ ಸಂತಸ ಹೆಚ್ಚು. ನಾಲ್ಕು ಭಾನುವಾರಗಳ ಲೆಕ್ಕವನ್ನು ಸಂಪ್ರದಾಯ ಮಹಾ ಗ್ರೆಗೊರಿ ಪೋಪರ ಹೆಸರಿಗೆ ಕಟ್ಟುತ್ತದೆ. ಅವರು ಪೋಪ್ ಆಗಿದ್ದದ್ದು 590ರಿಂದ 604ರವರೆಗೆ. ಆಮೇಲೆ ಈ ಎರಡು ಧಾರೆಗಳು ಕೂಡಿಕೊಂಡವು: ರೋಮಿನಿಂದ ನಾಲ್ಕು ವಾರ ಮತ್ತು ಹಿಗ್ಗು, ಫ್ರಾನ್ಸಿನ ಕಡೆಯಿಂದ ನೇರಳೆ ಮತ್ತು ಸಂಯಮ. ಇಟಲಿಯ ಮಿಲಾನ್ ಮಾತ್ರ ಯಾರ ಮಾತನ್ನೂ ಕೇಳದೆ ಇಂದಿಗೂ ಆರು ವಾರ ಆಚರಿಸುತ್ತದೆ. ನಿಮ್ಮ ಪಕ್ಕದ ಮನೆಯ ಬಾಗಿಲಲ್ಲಿ ನಕ್ಷತ್ರವೂ ಅಡುಗೆಮನೆಯಲ್ಲಿ ಪಥ್ಯವೂ ಒಟ್ಟಿಗೆ ಇರುವುದಕ್ಕೆ ಇಷ್ಟು ಹಳೆಯ ಹಿನ್ನೆಲೆಯಿದೆ.

ಚರ್ಚಿನೊಳಗೆ ಈ ಸಂಯಮ ಕಾಣುವುದು ಇರುವುದರಲ್ಲಿ ಅಲ್ಲ, ಇಲ್ಲದಿರುವುದರಲ್ಲಿ. ನೀವು ಗಮನಿಸಿದ್ದರೆ ಪೀಠದ ಮೇಲೆ ಹೂವು ಕಡಿಮೆ ಇದ್ದಿರಬೇಕು. ಹೂವಿನ ಅಲಂಕಾರವೂ ವಾದ್ಯವೂ ಹಿತಮಿತವಾಗಿರಲಿ ಎಂದು ಪೂಜಾವಿಧಿಯ ನಿಯಮವೇ ಹೇಳುತ್ತದೆ. ಮಾಮೂಲಿ ಭಾನುವಾರಗಳಲ್ಲಿ ಹಾಡುವ ‘ಗ್ಲೋರಿಯಾ’ ಮಹಿಮಾಗೀತೆಯನ್ನು ಈ ನಾಲ್ಕು ವಾರ ಬಿಟ್ಟುಬಿಡುತ್ತಾರೆ. ಕಾರಣ ಸೊಗಸಾಗಿದೆ. ಆ ಗೀತೆಯ ಮೊದಲ ಸಾಲು, ಲೂಕನ ಶುಭಸಂದೇಶದ ಪ್ರಕಾರ, ಯೇಸು ಹುಟ್ಟಿದ ರಾತ್ರಿ ಕುರಿಗಾಹಿಗಳಿಗೆ ಕೇಳಿಸಿದ ದೇವದೂತರ ಹಾಡು. ಅದನ್ನು ಮುಂಚೆಯೇ ಹಾಡಿ ಮುಗಿಸಿದರೆ ಆ ರಾತ್ರಿಗೆ ಉಳಿಯುವುದೇನು? 24ರ ರಾತ್ರಿಯ ಪೂಜೆಯಲ್ಲಿ ಅದು ಮತ್ತೆ ಎದ್ದಾಗ ಗಂಟೆಗಳನ್ನೆಲ್ಲ ಬಾರಿಸುವ ರೂಢಿಯಿದೆ. ಆದರೆ ‘ಅಲ್ಲೆಲೂಯ’ ನಿಲ್ಲುವುದಿಲ್ಲ. ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಅದೂ ನಿಲ್ಲುತ್ತದೆ. ತಪಸ್ಸುಕಾಲಕ್ಕೂ ಆಗಮನ ಕಾಲಕ್ಕೂ ಇರುವ ಅಂತರವನ್ನು ಅಳೆಯಲು ಇದೊಂದು ಗುರುತು ಸಾಕು.

ನಾಲ್ಕು ಬತ್ತಿಗಳು ನಾಲ್ಕು ಭಾನುವಾರಗಳಿಗೆ; ಗುಲಾಬಿ ಬಣ್ಣದ್ದು ಮೂರನೆಯ ಭಾನುವಾರದ್ದು. ‘ಪ್ರಭುವಿನಲ್ಲಿ ಸದಾ ಆನಂದಿಸಿರಿ’ ಎಂದು ಪೌಲನು ಫಿಲಿಪ್ಪಿಯರಿಗೆ ಬರೆದ ಮಾತಿನಿಂದ ಆ ದಿನದ ಪೂಜೆ ಆರಂಭವಾಗುತ್ತದೆ, ಹಾಗಾಗಿ ಅದಕ್ಕೆ ಆನಂದದ ಭಾನುವಾರ ಎಂದು ಹೆಸರು. ಅರ್ಧ ದಾರಿ ಕಳೆಯಿತು, ಉಸಿರು ಬಿಡಿ ಎಂದು ನೇರಳೆಯನ್ನು ತಿಳಿಯಾಗಿಸಿದ್ದಾರೆ. ಗುರುಗಳೂ ಅಂದು ಗುಲಾಬಿ ವಸ್ತ್ರ ಧರಿಸಬಹುದು, ಕಡ್ಡಾಯವಲ್ಲ. ವರ್ಷಕ್ಕೆ ಎರಡೇ ದಿನ ಬಳಕೆಯಾಗುವ ಆ ವಸ್ತ್ರವನ್ನು ಹೊಲಿಸದೆ ನೇರಳೆಯಲ್ಲೇ ನಡೆಸಿಕೊಂಡು ಹೋಗುವ ಧರ್ಮಕೇಂದ್ರಗಳು ಬೇಕಾದಷ್ಟಿವೆ. ಬತ್ತಿಗಳಿಗೆ ಭರವಸೆ, ಶಾಂತಿ, ಆನಂದ, ಪ್ರೀತಿ ಎಂದು ಹೆಸರು ಹೇಳಿಕೊಡುತ್ತಾರೆ; ಅದು ಮಕ್ಕಳ ಧರ್ಮೋಪದೇಶ ತರಗತಿಗೆ ಅನುಕೂಲ, ವಿಧಿಯ ಪುಸ್ತಕದಲ್ಲಿ ಇಲ್ಲ.

ಆ ನಾಲ್ಕು ಮೇಣದಬತ್ತಿಗಳನ್ನು ನಿಲ್ಲಿಸುವ ಹಸಿರೆಲೆಯ ಬಳೆಯ ಬಗ್ಗೆ ನಿಲ್ಲಿಸಿ ಹೇಳಲೇಬೇಕು, ಏಕೆಂದರೆ ಇಡೀ ಆಗಮನ ಕಾಲದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಅದೇ, ಮತ್ತು ಎಲ್ಲರೂ ಅದನ್ನು ಅತಿ ಪ್ರಾಚೀನವೆಂದು ಭಾವಿಸುತ್ತಾರೆ. ಅದಕ್ಕೆ ಇನ್ನೂರು ವರ್ಷವೂ ಆಗಿಲ್ಲ. ಅದನ್ನು ಮಾಡಿದವರು ಕ್ಯಾಥೊಲಿಕರೂ ಅಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಲೂಥರನ್ ಪಾದ್ರಿ ಬಡಮಕ್ಕಳಿಗಾಗಿ ‘ರೌವೆಸ್ ಹೌಸ್’ ಎಂಬ ಆಶ್ರಯಧಾಮ ನಡೆಸುತ್ತಿದ್ದರು. ಕ್ರಿಸ್‌ಮಸ್ ಇನ್ನೆಷ್ಟು ದಿನ ಎಂದು ಮಕ್ಕಳು ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೆಯ ಗಾಡಿಚಕ್ರವನ್ನು ತಂದು, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ದಪ್ಪ ಬಿಳಿ ಬತ್ತಿ ಸಿಕ್ಕಿಸಿ, ದಿನಕ್ಕೊಂದರಂತೆ ಹಚ್ಚಿದರು. ಆ ವರ್ಷ ಡಿಸೆಂಬರ್ 1 ಭಾನುವಾರವೇ ಬಿದ್ದಿತ್ತು. 20 ಸಣ್ಣವು, 4 ದೊಡ್ಡವು, ಒಟ್ಟು 24. ನಿಮ್ಮ ಶಾಲೆಯ ಮಕ್ಕಳಿಗೆ ಇದನ್ನೇ ಒಂದು ಲೆಕ್ಕವಾಗಿ ಕೊಡಬಹುದು: ಯಾವ ವರ್ಷ ಎಷ್ಟು ಸಣ್ಣ ಬತ್ತಿ ಬೇಕು? ಮುಂದೆ ಸಣ್ಣವು ಕಳಚಿ ನಾಲ್ಕು ದೊಡ್ಡವಷ್ಟೇ ಉಳಿದವು, ಚಕ್ರದ ಬದಲು ಹಸಿರೆಲೆಯ ಬಳೆ ಬಂತು. ಕ್ಯಾಥೊಲಿಕರು ಅದನ್ನು ತಮ್ಮ ಚರ್ಚಿನೊಳಗೆ ತಂದುಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ, 1920ರ ದಶಕದಲ್ಲಿ ಕಲೋನ್ ನಗರದಿಂದ ಶುರುವಾಗಿ. ನೇರಳೆ ಮತ್ತು ಗುಲಾಬಿ ಅವರು ಸೇರಿಸಿದ ಬಣ್ಣ. ನಡುವೆ ನಿಲ್ಲಿಸುವ ಬಿಳಿಯ ಬತ್ತಿಯನ್ನು ಕ್ರಿಸ್‌ಮಸ್ ರಾತ್ರಿ ಹಚ್ಚುತ್ತಾರೆ. ಜರ್ಮನಿಯಲ್ಲಿ ಅದಕ್ಕೆ ಫರ್ ಮರದ ರೆಂಬೆ; ನಮ್ಮಲ್ಲಿ ಸಿಲ್ವರ್ ಓಕ್, ಕ್ರೋಟನ್, ಏನು ಸಿಕ್ಕಿದರೂ ಆಯಿತು.

ಹಾಸನದಿಂದ ಶೆಟ್ಟಿಹಳ್ಳಿಗೆ ಹೋಗಿ ಹೇಮಾವತಿ ಹಿನ್ನೀರಿನಲ್ಲಿ ನಿಂತ ಹಳೆಯ ಚರ್ಚಿನ ಫೋಟೊ ತೆಗೆದುಕೊಳ್ಳದವರು ಈಗ ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಚರ್ಚಿನಲ್ಲಿ ಡಿಸೆಂಬರ್ ಹೇಗಿದ್ದಿರಬಹುದು ಎಂದು ಕೇಳಿದವರು ಮಾತ್ರ ನನಗೆ ಸಿಕ್ಕಿಲ್ಲ. ನೀವು ನೋಡಿದ ಬತ್ತಿಗಳ ಬಳೆ ಅಲ್ಲಿ ಇದ್ದಿರಲಾರದು. ಅದಿನ್ನೂ ಜರ್ಮನಿಯ ಲೂಥರನ್ ಮನೆಗಳಲ್ಲೇ ಇತ್ತು. ನೇರಳೆ ವಸ್ತ್ರ ಇತ್ತು, ಗ್ಲೋರಿಯಾ ಇರಲಿಲ್ಲ, ಪೂಜೆ ಲ್ಯಾಟಿನ್‌ನಲ್ಲಿತ್ತು. ಕನ್ನಡದಲ್ಲಿ ಪೂಜೆ ಕೇಳಿಸಿದ್ದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ಕಾಕತಾಳೀಯವಾಗಿ, ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಧರ್ಮಾಧ್ಯಕ್ಷರ ಆಡಳಿತದ ಪ್ರದೇಶ) ಹುಟ್ಟಿದ್ದೂ ಆ ಮಹಾಸಭೆ ನಡೆಯುತ್ತಿದ್ದಾಗಲೇ, 1963ರಲ್ಲಿ. ಹಾಸನದ ಕ್ಯಾಥೊಲಿಕರೂ ಅದಕ್ಕೇ ಸೇರುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಕುತೂಹಲ ಹುಟ್ಟಿಸಿದ್ದು ಅಜ್ಜಿಯ ಪಥ್ಯ. ಡಿಸೆಂಬರ್ 1ರಿಂದ ಎಂದು ನೀವು ಬರೆದಿದ್ದೀರಿ. ಆಗಮನ ಕಾಲ ಭಾನುವಾರಕ್ಕೆ ಕಟ್ಟಿಕೊಂಡದ್ದು, ತಾರೀಖಿಗಲ್ಲ. ಅಲ್ಲದೆ ರೋಮಿನ ಪದ್ಧತಿಯ ಕ್ಯಾಥೊಲಿಕರಿಗೆ ಈಗ ಈ ಅವಧಿಯಲ್ಲಿ ಕಡ್ಡಾಯ ಉಪವಾಸವೇ ಇಲ್ಲ. ಹಾಗಾದರೆ ಅಜ್ಜಿ ಪಾಲಿಸುತ್ತಿರುವುದು ಯಾವುದನ್ನು? ನರಸಿಂಹರಾಜಪುರ ಎಂದಿರಲ್ಲ, ಅಲ್ಲೇ ಉತ್ತರವಿದೆ. ಆ ಕಡೆ, ಕೊಪ್ಪದ ಸುತ್ತಮುತ್ತ, ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತರು ಬಹಳ. ಅವರದು ಪೂರ್ವದೇಶದ ಪರಂಪರೆ. ಅದರಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಋತುವಿಗೆ ‘ಸುಬಾರ’ ಎಂದು ಹೆಸರು, ಡಿಸೆಂಬರ್ 1ಕ್ಕೆ ಆರಂಭವಾಗುವ ವ್ರತಕ್ಕೆ ‘ಇಪ್ಪತ್ತೈದು ನೋಂಬು’ ಎಂದು. ಮಾಂಸ, ಮೀನು ಬಿಡುವುದು ಸಾಮಾನ್ಯ. ಬಿಗಿಯಾಗಿ ಹಿಡಿಯುವವರು ಮೊಟ್ಟೆ, ಹಾಲು, ತುಪ್ಪವನ್ನೂ ಬಿಡುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಇದು ಇನ್ನೂ ಉದ್ದ, ನವೆಂಬರ್ 15ರಿಂದ ನಲವತ್ತು ದಿನ. ನಿಮ್ಮ ನೆರೆಯವರು ಹಾಸನಕ್ಕೆ ಬಂದ ಮೇಲೆ ಹತ್ತಿರದ ರೋಮನ್ ಪದ್ಧತಿಯ ಚರ್ಚಿಗೆ ಹೋಗುತ್ತಿರಬೇಕು, ಅದಕ್ಕೇ ನಿಮಗೆ ಬತ್ತಿಗಳು ಕಂಡವು. ಅಜ್ಜಿಯ ಅಡುಗೆಮನೆ ಮಾತ್ರ ಹಳೆಯ ಪಂಚಾಂಗವನ್ನೇ ನಡೆಸುತ್ತಿದೆ. ಇದು ನನ್ನ ಊಹೆ, ಒಮ್ಮೆ ಅಜ್ಜಿಯನ್ನೇ ಕೇಳಿ ನೋಡಿ. ಪಥ್ಯದ ವಿಷಯ ಕೇಳಿದರೆ ಬೇಸರಪಡುವ ಅಜ್ಜಿಯನ್ನು ಯಾವ ಧರ್ಮದಲ್ಲೂ ನಾನು ನೋಡಿಲ್ಲ.

ಪ್ರೊಟೆಸ್ಟೆಂಟರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳು ನಾಲ್ಕು ಭಾನುವಾರಗಳನ್ನು ಪಾಲಿಸುತ್ತವೆ, ಉಪವಾಸದ ಒತ್ತು ಇಲ್ಲ. ಪೆಂತೆಕೊಸ್ತ್ ಸಭೆಗಳಲ್ಲಿ ಸಾಮಾನ್ಯವಾಗಿ ಆಗಮನ ಕಾಲವೇ ಇಲ್ಲ.

ಧನುರ್ಮಾಸದ ಹೋಲಿಕೆ ನೀವು ತೆಗೆದದ್ದು ಒಳ್ಳೆಯದಾಯಿತು. ಮದುವೆಯ ವಿಷಯದಲ್ಲಂತೂ ಸಾಮ್ಯ ಎದ್ದು ಕಾಣುತ್ತದೆ. 1563ರಲ್ಲಿ ಟ್ರೆಂಟ್ ಮಹಾಸಭೆ, ಆಗಮನ ಕಾಲದ ಆರಂಭದಿಂದ ಜನವರಿ 6ರವರೆಗೆ ವಿಜೃಂಭಣೆಯ ಮದುವೆ ಕೂಡದೆಂದು ಕಟ್ಟು ಮಾಡಿತ್ತು. ಈಗಿನ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಮದುವೆಯಾಗುವುದಾದರೆ ಕಾಲದ ಗಾಂಭೀರ್ಯ ಕೆಡಿಸಬೇಡಿ ಎಂದು ಗುರುಗಳು ಹೇಳಬಹುದು, ಅಷ್ಟೇ. ಕಾನೂನು ಸಡಿಲವಾದರೂ ಮನೆತನಗಳ ರೂಢಿ ಸಡಿಲವಾಗಿಲ್ಲ. ಹಾಗಾಗಿ ಕ್ರೈಸ್ತ ಮದುವೆಗಳು ಡಿಸೆಂಬರ್ 26ರ ನಂತರ ಒತ್ತೊತ್ತಾಗಿ ಬರುತ್ತವೆ. ಆ ಹೊತ್ತಿಗೆ ನಿಮ್ಮ ಧನುರ್ಮಾಸ ನಡೆಯುತ್ತಿರುತ್ತದೆ, ಕಲ್ಯಾಣ ಮಂಟಪಗಳು ಖಾಲಿ. ಪರಸ್ಪರ ಹೇಳಿ ಮಾಡಿಸಿದ ಹಾಗಿದೆ ಈ ಏರ್ಪಾಡು. ಮಂಟಪದ ಮಾಲೀಕರು ಯಾವ ದೇವರಿಗೆ ಕೃತಜ್ಞರೋ ಗೊತ್ತಿಲ್ಲ.

ಇನ್ನೊಂದು ಸಾಮ್ಯ ಮುಂಜಾವಿನ ಪೂಜೆ. ಧನುರ್ಮಾಸದಲ್ಲಿ ನಸುಕಿಗೆ ಎದ್ದು ದೇವಸ್ಥಾನಕ್ಕೆ ಹೋಗುವ ಹಾಗೆ, ಪೋಲೆಂಡಿನಲ್ಲಿ ಆಗಮನ ಕಾಲದುದ್ದಕ್ಕೂ ಸೂರ್ಯೋದಯಕ್ಕೆ ಮೊದಲು ಬರಿಯ ಮೇಣದಬತ್ತಿಯ ಬೆಳಕಿನಲ್ಲಿ ಮಾತೆ ಮರಿಯಳ ಹೆಸರಿನ ಪೂಜೆ ನಡೆಯುತ್ತದೆ. ಫಿಲಿಪೈನ್ಸಿನಲ್ಲಿ ಡಿಸೆಂಬರ್ 16ರಿಂದ ಒಂಬತ್ತು ದಿನ ಕೋಳಿ ಕೂಗುವ ಹೊತ್ತಿಗೆ ಚರ್ಚು ತುಂಬುತ್ತದೆ. ಆದರೆ ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ಧನುರ್ಮಾಸ ಸೂರ್ಯನ ಚಲನೆಗೆ ಕಟ್ಟಿದ ಮಾಸ, ಅದು ತನ್ನಷ್ಟಕ್ಕೆ ಪುಣ್ಯಕಾಲ. ಆಗಮನ ಕಾಲ ತನ್ನಷ್ಟಕ್ಕೆ ಏನೂ ಅಲ್ಲ. ಬರುವವನೊಬ್ಬ ಇಲ್ಲದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಈ ಕಾಲದ ವಿಧಿಗಳಲ್ಲೆಲ್ಲ ಏನನ್ನೋ ತಡೆಹಿಡಿಯುವುದು ಇರುವುದಕ್ಕೆ ಕಾರಣ ಇದೇ: ಹಾಡು, ಹೂವು, ಮದುವೆ, ಊಟ, ಕೊನೆಗೆ ಗೋದಲಿಯ, ಅಂದರೆ ಬೊಂಬೆಗಳ ಕೊಟ್ಟಿಗೆಯ, ಮಗು ಕೂಡ.

ನಡುವೆ ಡಿಸೆಂಬರ್ 8 ಬರುತ್ತದೆ, ಮರಿಯಮ್ಮನ ಅಮಲೋದ್ಭವ ಹಬ್ಬ. ಮರಿಯಳು ಯೇಸುವನ್ನು ಗರ್ಭ ಧರಿಸಿದ ದಿನ ಅದೆಂದು ಚರ್ಚಿಗೆ ಹೋಗುವವರೇ ತಪ್ಪಾಗಿ ಹೇಳುವುದುಂಟು. ಡಿಸೆಂಬರ್ 8ಕ್ಕೆ ಗರ್ಭ, 25ಕ್ಕೆ ಹೆರಿಗೆ ಎಂದರೆ ಹೇಗೆ! ಅಂದು ನೆನೆಯುವುದು ಮರಿಯಳೇ ತನ್ನ ತಾಯಿ ಅನ್ನಮ್ಮನ ಗರ್ಭದಲ್ಲಿ ಪಾಪದ ಕಳಂಕವಿಲ್ಲದೆ ಮೂಡಿದ್ದನ್ನು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ, ಸೆಪ್ಟೆಂಬರ್ 8 ಬರುತ್ತದೆ, ಮರಿಯಮ್ಮನ ಹುಟ್ಟುಹಬ್ಬ. ನಮ್ಮ ಕಡೆಯ ಕೊಂಕಣಿ ಕ್ಯಾಥೊಲಿಕರು ತೆನೆ ಹಬ್ಬವಾಗಿ ಆಚರಿಸುವ ಮೊಂತಿ ಫೆಸ್ತ್ ಅದೇ.

ಡಿಸೆಂಬರ್ 17ರಿಂದ 23ರವರೆಗಿನ ಏಳು ಸಂಜೆಗಳು ನನ್ನ ಮಟ್ಟಿಗೆ ಇಡೀ ಆಗಮನ ಕಾಲದ ತಿರುಳು. ಮಠಗಳ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಳ ಸ್ತುತಿಗೀತೆಗೆ ಮುನ್ನ ದಿನಕ್ಕೊಂದರಂತೆ ಏಳು ಪುಟ್ಟ ಕರೆಗಳನ್ನು ಹಾಡುತ್ತಾರೆ, ಸಾವಿರ ವರ್ಷಕ್ಕೂ ಹಳೆಯವು. ಪ್ರತಿಯೊಂದೂ ‘ಓ’ ಎಂಬ ಕೂಗಿನಿಂದ ಶುರು: ಓ ಜ್ಞಾನವೇ, ಓ ಪ್ರಭುವೇ, ಓ ಯೆಸ್ಸೆಯ ಬೇರೇ, ಓ ದಾವೀದನ ಬೀಗದ ಕೈಯೇ, ಓ ಉದಯವೇ, ಓ ಜನಾಂಗಗಳ ಅರಸನೇ, ಓ ಇಮ್ಮಾನುವೇಲನೇ. ಪ್ರತಿಯೊಂದರ ಕೊನೆಯೂ ‘ಬಾ’ ಎಂಬ ಬೇಡಿಕೆ. ಬರುವವನ ಹೆಸರನ್ನೇ ಹೇಳದೆ ಹಳೆಯ ಒಡಂಬಡಿಕೆಯ ಬಿರುದುಗಳಿಂದ ಕೂಗುವ ಈ ಪರಿ, ದಾಸರ ಪದ ಕೇಳಿ ಬೆಳೆದವರಿಗೆ ಅಪರಿಚಿತವೆನಿಸದು. ‘ಓ ಉದಯವೇ’ ಎಂದು ಹಾಡುವುದು ಡಿಸೆಂಬರ್ 21ರಂದು. ಉತ್ತರ ಗೋಳಾರ್ಧದಲ್ಲಿ ವರ್ಷದ ಅತಿ ದೀರ್ಘ ರಾತ್ರಿ ಬೀಳುವುದು ಆ ಹೊತ್ತಿಗೆ. ಯುರೋಪಿನ ಚಳಿಯಲ್ಲಿ, ಮಧ್ಯಾಹ್ನವೇ ಕತ್ತಲಾಗುವ ಮಠದಲ್ಲಿ ಅದನ್ನು ಹಾಡಿದವರ ದನಿಯನ್ನು ಊಹಿಸಿಕೊಳ್ಳಿ. ದುಃಖವೆಂದರೆ ನಮ್ಮ ಬಹುಪಾಲು ಧರ್ಮಕೇಂದ್ರಗಳಲ್ಲಿ ಆ ವಾರ ಎಲ್ಲರೂ ಕ್ಯಾರಲ್ ತಂಡದ ಜೊತೆ ಮನೆಮನೆ ಸುತ್ತುವುದರಲ್ಲಿರುತ್ತಾರೆ. ಗಿಟಾರು, ಡ್ರಮ್ಮು, ಹತ್ತಿಗಡ್ಡದ ಕ್ರಿಸ್‌ಮಸ್ ತಾತ. ಮಕ್ಕಳ ಖುಷಿಗೆ ನಾನು ಅಡ್ಡಬರುವವನಲ್ಲ, ಆದರೆ ಆ ಏಳು ಕರೆಗಳು ಕನ್ನಡದಲ್ಲಿ ಇನ್ನಷ್ಟು ಕೇಳಿಸಬೇಕಿತ್ತು.

ಮನೆಗಳ ಒಳಗೆ ಈ ನಾಲ್ಕು ವಾರ ಹೇಗೆ ಕಳೆಯುತ್ತದೆ ಎನ್ನುವುದೂ ನೋಡುವಂಥದ್ದು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಅದು ಅರೇಬಿಕಾ ಕೊಯ್ಲಿನ ಕಾಲ. ಹಗಲು ಹಣ್ಣು ಬಿಡಿಸುವುದು, ಪಲ್ಪರ್, ಕಣ. ಕುಸ್ವಾರ್ ಮಾಡುವುದು ರಾತ್ರಿ. ಮಂಗಳೂರಿನ ಕಡೆಯಿಂದ ತೋಟಗಳಿಗೆ ಬಂದ ಕೊಂಕಣಿ ಮನೆಗಳು ತಂದ ಮಾತು ಅದು: ಹಬ್ಬಕ್ಕೆ ಹಂಚುವ ತಿಂಡಿಗಳ ತಟ್ಟೆ. ಕರ್ಜಿಕಾಯಿಯಂಥ ನೆವ್ರಿ, ಉಂಡೆಯಾಕಾರದ ಗುಳಿಯೊ, ಅಚ್ಚಿನಲ್ಲಿ ಕರಿಯುವ ಕೊಕ್ಕಿಸಾಂ, ಮತ್ತು ಕಿಡಿಯೊ. ಈ ಕಿಡಿಯೊಗೆ ನೆಲ್ಲಿಕಾಯಿಗಿಂತ ಚಿಕ್ಕ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೋ, ಇದಕ್ಕೆಂದೇ ಕೊಂಡಿಟ್ಟ ಹೊಸ ಬಾಚಣಿಗೆಗೋ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಬೇಕು. ಮೈಮೇಲೆ ಗೆರೆ ಮೂಡುತ್ತದೆ. ಕರಿದು ಸಕ್ಕರೆ ಪಾಕ ಹಾಕಿದರೆ ಪಾಕ ಆ ಗೆರೆಗಳಲ್ಲಿ ಕೂರುತ್ತದೆ. ಇಡೀ ಮನೆ ಕೂತು ಸುತ್ತಿದರೂ ಡಬ್ಬ ತುಂಬದ ಕೆಲಸ. ಆ ಡಬ್ಬವನ್ನು 25ರವರೆಗೆ ಮಕ್ಕಳ ಕೈಗೆ ಎಟುಕದಂತೆ ಅಟ್ಟಕ್ಕೆ ಏರಿಸುತ್ತಾರೆ. ಬಿಸಿ ಎಣ್ಣೆಯ ವಾಸನೆ ಮೂಗಿಗೆ ಬಂದು, ತಿಂಡಿ ಬಾಯಿಗೆ ಬಾರದ ಆ ದಿನಗಳಲ್ಲಿ ಮಕ್ಕಳು ಆಗಮನ ಕಾಲವನ್ನು ಯಾವ ಪ್ರಬೋಧನೆಗಿಂತ ಚೆನ್ನಾಗಿ ಕಲಿಯುತ್ತಾರೆ ಎಂದು ನನ್ನ ಅಭಿಪ್ರಾಯ.

ಗೋದಲಿಗೂ ಸಿದ್ಧತೆ ಬೇಕು. ಬೆತ್ಲೆಹೇಮಿನ ಕೊಟ್ಟಿಗೆಯ ದೃಶ್ಯವನ್ನು ನಿಜವಾದ ಎತ್ತು, ಕತ್ತೆಗಳನ್ನಿಟ್ಟು ಮೊದಲು ಜನರ ಕಣ್ಣಿಗೆ ಕಟ್ಟಿದವರು ಅಸ್ಸಿಸಿಯ ಫ್ರಾನ್ಸಿಸ್, 1223ರಲ್ಲಿ, ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ. ನಮ್ಮ ಮನೆಗಳ ಗೋದಲಿಯಲ್ಲಿ ಹೊಲಗದ್ದೆಯೂ ಇರಬೇಕು. ಅದಕ್ಕಾಗಿ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ರಾಗಿಯನ್ನು ನೆನೆಸಿ, ತಟ್ಟೆಯ ತೇವದ ಮಣ್ಣಿನ ಮೇಲೆ ಒತ್ತಾಗಿ ಚೆಲ್ಲಿ, ದಿನಾ ನೀರು ಚಿಮುಕಿಸುತ್ತಾರೆ. ಲೆಕ್ಕ ತಪ್ಪಿ ಬೇಗ ಹಾಕಿದರೆ 24ರ ಹೊತ್ತಿಗೆ ಪೈರು ಎತ್ತರವಾಗಿ ಒಂದರ ಮೇಲೊಂದು ಒರಗುತ್ತದೆ, ತಡವಾದರೆ ಕುರಿಗಳು ಬರಿ ಮಣ್ಣಿನಲ್ಲಿ ನಿಲ್ಲಬೇಕಾಗುತ್ತದೆ. ಕಾಫಿ ಗಿಡದ ಬುಡದಿಂದಲೋ ಬಂಡೆಯಿಂದಲೋ ಎಬ್ಬಿಸಿ ತಂದ ಪಾಚಿಯಿಂದ ಬೆಟ್ಟ. ಎಲ್ಲ ಬೊಂಬೆಗಳೂ ಬರುತ್ತವೆ, ಮಗುವಿನ ಜಾಗ ಮಾತ್ರ ಖಾಲಿ ಹುಲ್ಲು. ಕೆಲವು ಧರ್ಮೋಪದೇಶ ತರಗತಿಗಳಲ್ಲಿ ಮಕ್ಕಳು ಒಂದೊಂದು ಒಳ್ಳೆಯ ಕೆಲಸಕ್ಕೆ ಒಂದೊಂದು ಹುಲ್ಲುಕಡ್ಡಿ ಹಾಕುವ ಅಭ್ಯಾಸವಿದೆ. ಮಗುವನ್ನು ಮಲಗಿಸುವುದು 24ರ ರಾತ್ರಿ.

ನಕ್ಷತ್ರದ ಬಗ್ಗೆ, ನೀವು ಗಣಿತದವರೆಂದು ಒಂದು ಮಾತು. ಹಲವು ಮೊನೆಗಳ ಕಾಗದದ ನಕ್ಷತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಮೊರಾವಿಯನ್ ಸಭೆಯ ಶಾಲೆಗಳಲ್ಲಿ ರೇಖಾಗಣಿತದ ಪಾಠವಾಗಿ ಮಕ್ಕಳ ಕೈಯಲ್ಲಿ ಮಾಡಿಸುತ್ತಿದ್ದರು. ಅಲ್ಲಿ ಅದನ್ನು ಇಂದಿಗೂ ಆಗಮನ ಕಾಲದ ಮೊದಲ ಭಾನುವಾರವೇ ತೂಗುಹಾಕುತ್ತಾರೆ. ಹಾಗಾಗಿ ನಿಮ್ಮ ನೆರೆಯವರು ನವೆಂಬರ್ ಕೊನೆಗೇ ಹಾಕಿದ್ದರಲ್ಲಿ ಅವಸರವೇನೂ ಇಲ್ಲ. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಒಳಗೆ ಬಲ್ಬು ಇಡುತ್ತಿದ್ದ ಕಾಲ ಹೋಗಿ ಈಗ ಪ್ಲಾಸ್ಟಿಕ್ಕು ಬಂದಿದೆ, ಅಷ್ಟೇ ವ್ಯತ್ಯಾಸ. ಅದನ್ನು ಇಳಿಸಲು ಜನವರಿ 6 ಕಳೆಯಬೇಕು. ಅಂದು ನಕ್ಷತ್ರ ನೋಡಿ ಬಂದ ಮೂವರು ಜ್ಞಾನಿಗಳ ಹಬ್ಬ.

ಕೊನೆಗೆ ನಿಮ್ಮ ಭೇಟಿ. ಮುಂಚಿತವಾಗಿ ಶುಭಾಶಯ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. 24ರ ರಾತ್ರಿ ಅವರು ಚರ್ಚಿನಲ್ಲಿರುತ್ತಾರೆ, 25ರ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ, ಸಂಜೆ ಹೋಗಿ. ಅಂದು ಆಗದಿದ್ದರೂ ಚಿಂತೆಯಿಲ್ಲ. ಕ್ರಿಸ್‌ಮಸ್ ಕಾಲ ಜನವರಿ 6ರ ನಂತರದ ಭಾನುವಾರ, ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ನಡೆಯುತ್ತದೆ; ಹೊಸ ವರ್ಷ ಕಳೆದು ಹೋಗಿ ‘ಕ್ರಿಸ್‌ಮಸ್ ಶುಭಾಶಯ’ ಎಂದರೆ ಈ ಬಾರಿ ಅವರು ನಗುವಂತಿಲ್ಲ. ಏನು ಒಯ್ಯಬೇಕೆಂಬುದು ಯಾವಾಗ ಹೋಗುತ್ತೀರಿ ಎಂಬುದರ ಮೇಲಿದೆ. 25ರ ನಂತರವಾದರೆ ಏನಾದರೂ ಸರಿ. ಅದಕ್ಕೆ ಮುಂಚೆ ಹೋಗುವುದಾದರೆ ಮೊಟ್ಟೆ ಹಾಕಿದ ಕೇಕು ಅಜ್ಜಿಗೆ ನಡೆಯದು. ನಿಮ್ಮ ಧನುರ್ಮಾಸದ ಹುಗ್ಗಿ ಒಳ್ಳೆಯ ಆಯ್ಕೆ. ಆದರೆ ಒಗ್ಗರಣೆಗೆ ತುಪ್ಪ ಸುರಿಯುವ ಮೊದಲು, ಅಜ್ಜಿ ಹಾಲು ತುಪ್ಪವನ್ನೂ ಬಿಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ.